ಗೋಲ್ಡನ್ ಕ್ಯಾನಿಯನ್ ಸುತ್ತು ಹೊರಡುವ ಮುನ್ನ

ಅಮೆರಿಕದ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಗೋಲ್ಡನ್ ಕ್ಯಾನಿಯನ್, ಗವರ್ ಗಲ್ಚ್ ಎಂಬ ಎರಡು ಕಮರಿಗಳನ್ನು ಸುತ್ತಿ ಬರುವ ಕಾಲ್ನಡಿಗೆಯನ್ನು ಚಳಿಗಾಲಕ್ಕೇ ಇಟ್ಟುಕೊಳ್ಳಿ. ಸುಮಾರು 7 ಕಿ.ಮೀ. ಅಷ್ಟೇ, ಆದರೆ ದಾರಿಯಲ್ಲಿ ಹನಿ ನೀರಿಲ್ಲ, ನೆರಳೂ ಅಪರೂಪ. ಹತ್ತಿರದ ಊರು ಫರ್ನೇಸ್ ಕ್ರೀಕ್‌ನಲ್ಲೇ ಬಾಟಲಿ ತುಂಬಿಸಿಕೊಳ್ಳಿ. ತಲೆಗೆ 3 ಲೀಟರಾದರೂ ಇರಲಿ, ಜೊತೆಗೆ ಉಪ್ಪುಕಡಲೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರ ನಂತರ ಇಲ್ಲಿ ನಡೆಯಬೇಡಿ ಎಂದು ಪಾರ್ಕ್‌ನವರೇ ಹೇಳುತ್ತಾರೆ, ದಯವಿಟ್ಟು ಕೇಳಿ.

ಗೋಲ್ಡನ್ ಕ್ಯಾನಿಯನ್ ಹತ್ತಿ ಗವರ್ ಗಲ್ಚ್‌ನಲ್ಲಿ ಇಳಿಯಿರಿ. ನಡುವೆ ರೆಡ್ ಕ್ಯಥೀಡ್ರಲ್ ಕಡೆಗಿನ ಕವಲನ್ನು ಮಾತ್ರ ಬಿಡಬೇಡಿ, ಆ ಕೆಂಪು ಗೋಡೆ ನೋಡಲೇಬೇಕು. ಸಿಗ್ನಲ್ ನಂಬುವಂತಿಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಹಳೆಯ ಬೋರಾಕ್ಸ್ (ಬಿಳಿಗಾರ) ಗಣಿ ಸುರಂಗಗಳೊಳಗೆ ಮಕ್ಕಳನ್ನು ಬಿಡಬೇಡಿ.

ಮಳೆಯ ಮುನ್ಸೂಚನೆ ಇದ್ದರೆ ಕಾರ್ಯಕ್ರಮ ಬದಲಿಸಿ. ಗೋಲ್ಡನ್ ಕ್ಯಾನಿಯನ್ ಒಳಗಿದ್ದ ಟಾರು ರಸ್ತೆಯನ್ನೇ 1976ರ ಪ್ರವಾಹ ಕೊಚ್ಚಿಕೊಂಡು ಹೋಗಿದೆ.