ಕಾಲಿನ ಮಷೀನಿನ ಮೇಲೆ ಕೌದಿ: ನನ್ನ ಅನುಭವ

ಹಳೆ ಬಟ್ಟೆಯನ್ನು ಪದರ ಪದರವಾಗಿ ಹೊಲಿದ ಹೊದಿಕೆಯೇ ಕೌದಿ. ಅದನ್ನು ಕೈಯಲ್ಲಿ ಹೊಲಿಯುವವರು ಅಂಚಿನಿಂದ ಶುರು ಮಾಡಿ, ಸುತ್ತು ಬಂದು ಬಂದು ನಡುವಿಗೆ ಮುಗಿಸುತ್ತಾರೆ. ಕಾಲಲ್ಲಿ ತುಳಿಯುವ ಹೊಲಿಗೆ ಮಷೀನಿನ ಮೇಲೆ ಇದು ನಡೆಯುವುದಿಲ್ಲ. ಕೆಳಗಿನ ಹಲ್ಲು ತಳದ ಬಟ್ಟೆಯನ್ನು ಎಳೆದುಕೊಳ್ಳುತ್ತದೆ, ಮೇಲಿನ ಬಟ್ಟೆಯನ್ನು ಅದನ್ನು ಒತ್ತಿ ಹಿಡಿಯುವ ಫುಟ್ ತಡೆದು ಮುಂದಕ್ಕೆ ದೂಡುತ್ತದೆ. ಅಂಚಿನಿಂದ ಹೊರಟರೆ ಆ ಸಡಿಲವೆಲ್ಲ ನಡುವೆ ಬಂದು ಗುಡ್ಡೆಯಾಗುತ್ತದೆ. ಹಾಗಾಗಿ ನನ್ನ ಮೊದಲ ಗೆರೆ ಯಾವಾಗಲೂ ನಟ್ಟನಡುವೆ. ಅಲ್ಲಿಂದ ಆ ಕಡೆ ಒಂದು, ಈ ಕಡೆ ಒಂದು.

ನನ್ನದು ಸಿಂಗರ್ 15ಕೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯ ಮಾಲು; ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆದರೂ ಬಾಬಿನ್ (ತಳದ ದಾರದ ಉರುಳೆ), ಅದರ ಕೇಸು, ಸೂಜಿಗೆ ಪರದಾಟವಿಲ್ಲ, ನಮ್ಮಲ್ಲಿನ ಕಪ್ಪು ಮಷೀನುಗಳು ಬಹುತೇಕ ಇದೇ ಅಚ್ಚಿನವು. ಕೊಂಡಾಗ ಹಳೆ ಎಣ್ಣೆ ಅಂಟಾಗಿ ಚಕ್ರವೇ ತಿರುಗುತ್ತಿರಲಿಲ್ಲ. ಎಣ್ಣೆ ತೂತುಗಳಿಗೆ ಸೀಮೆಎಣ್ಣೆ ಬಿಟ್ಟು, ಚಕ್ರ ಅಲುಗಾಡಿಸಿ, ಕರಗಿ ಬಂದ ಕೊಳೆ ಒರೆಸಿ, ಆಮೇಲೆ ಮಷೀನ್ ಎಣ್ಣೆ. ಮಷೀನಿನ ಮೈಮೇಲಿನ ಬಂಗಾರದ ಬಣ್ಣದ ಹೂಬಳ್ಳಿಗೆ ಮಾತ್ರ ಸೀಮೆಎಣ್ಣೆ, ಸ್ಪಿರಿಟ್ ತಾಕಿಸಬೇಡಿ, ಎದ್ದು ಬರುತ್ತದೆ. ಅಲ್ಲಿಗೆ ಮಷೀನ್ ಎಣ್ಣೆಯಲ್ಲಿ ಅದ್ದಿದ ಹತ್ತಿ ಸಾಕು. ಮಷೀನಿಗೆ ಕೊಬ್ಬರಿ ಎಣ್ಣೆ ಹಾಕಿ ಅಂಟು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಸ ಚರ್ಮದ ಬೆಲ್ಟು ಕೆಲ ದಿನಕ್ಕೆ ಹಿಗ್ಗಿ ಜಾರುತ್ತದೆ. ಅರ್ಧ ಇಂಚು ಕತ್ತರಿಸಿ ಮತ್ತೆ ಕ್ಲಿಪ್ ಹಾಕಬೇಕು.

ಹಳೆ ಸೀರೆಯನ್ನು ಮೊದಲು ಬೆಳಕಿಗೆ ಹಿಡಿದು ನೋಡುತ್ತೇನೆ. ಕುಳಿತಲ್ಲಿ ಸವೆದ ಭಾಗ ಒಳಪದರಕ್ಕೆ, ಗಟ್ಟಿ ಇದ್ದದ್ದು ಮೇಲಕ್ಕೆ. ಕತ್ತರಿ ಕಡಿಮೆ, ಅಂಚಿಗೆ ಕಚ್ಚು ಹಾಕಿ ಹರಿದರೆ ಎಳೆ ನೇರ ಬರುತ್ತದೆ. ತುಂಡು ಜೋಡಿಸುವುದರಲ್ಲಿ ಈ ಮಷೀನಿಗೆ ಸಾಟಿಯಿಲ್ಲ. ನೇರ ಹೊಲಿಗೆಯೊಂದೇ ಗೊತ್ತಿರುವುದರಿಂದ ಸೂಜಿ ಇಳಿಯುವ ತೂತು ಸಣ್ಣದು, ತೆಳು ಬಟ್ಟೆಯನ್ನು ಒಳಗೆಳೆದು ನುಂಗುವುದಿಲ್ಲ. ಜೋಡಿಸುವಾಗ 14ನೇ ನಂಬರ್ ಸೂಜಿ, ಪದರ ಹೊಲಿಯುವಾಗ 16 ಅಥವಾ 18. ದಾರ ಹತ್ತಿಯದೇ.

ಕಷ್ಟ ಇರುವುದು ಜಾಗದ್ದು. ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ ಒಂದು ಗೇಣೂ ಇಲ್ಲ. ಐದಡಿ ಅಗಲದ ಕೌದಿಯನ್ನು ಸುರುಳಿ ಸುತ್ತಿ ಅಲ್ಲಿ ತುರುಕಿದರೆ ತೋಳು ಸೋಲುತ್ತದೆ, ಗೆರೆ ಸೊಟ್ಟಗಾಗುತ್ತದೆ. ಅದಕ್ಕೆ ನಾನು ಸುಮಾರು 20 ಇಂಚು ಅಗಲದ ಮೂರು ಪಟ್ಟಿ ಮಾಡಿಕೊಳ್ಳುತ್ತೇನೆ. ನೆಲದ ಮೇಲೆ ಪದರ ಹಾಸಿ, ಮೂಲೆಗಳಿಗೆ ಭಾರ ಇಟ್ಟು, ಗೇಣಿಗೊಂದು ಕಚ್ಚಾ ಹೊಲಿಗೆ. ಮಷೀನಿನ ನೆತ್ತಿಯ ಮೇಲಿನ ತಿರುಪು ಸಡಿಲಿಸಿದರೆ ಫುಟ್ಟಿನ ಒತ್ತಡ ಇಳಿಯುತ್ತದೆ, ಪದರ ಸರಿಯುವುದು ಕಡಿಮೆಯಾಗುತ್ತದೆ. ಹೊಲಿಗೆ ಇಂಚಿಗೆ ಎಂಟು. ಪಟ್ಟಿಯ ಎರಡೂ ಅಂಚಿಗೆ ಒಂದೊಂದು ಇಂಚು ಹೊಲಿಯದೆ ಬಿಡುತ್ತೇನೆ. ಮೂರನ್ನೂ ಕೂಡಿಸುವಾಗ ಮೇಲ್ಪದರಗಳಿಗೆ ಮಷೀನು, ಒಳಪದರ ಅಂಚಿಗೆ ಅಂಚು ತಾಗುವಂತೆ ಕತ್ತರಿ, ಹಿಂಬದಿಯ ಬಟ್ಟೆಗೆ ಅಂಚು ಮಡಿಚಿ ಕೈಹೊಲಿಗೆ.

ದಪ್ಪ ಗಂಟು ಬಂದಲ್ಲಿ ತುಳಿಯುವುದು ನಿಲ್ಲಿಸಿ, ಬಲಗೈಯಿಂದ ಚಕ್ರ ನನ್ನ ಕಡೆಗೆ ತಿರುಗಿಸಿ, ಒಂದೊಂದೇ ಹೊಲಿಗೆ ದಾಟಿಸುತ್ತೇನೆ. ಹೊಸದಾಗಿ ತುಳಿಯುವವರು ದಾರವಿಲ್ಲದೆ ಒಂದೆರಡು ದಿನ ಬರೀ ಕಾಲಾಡಿಸಲಿ. ಚಕ್ರ ಹಿಂದಕ್ಕೆ ಹೊರಳಿದರೆ ತಳದಲ್ಲಿ ದಾರ ಸಿಕ್ಕುಗಟ್ಟುತ್ತದೆ.

“ಮಷೀನ್‌ನಾಗ ಹೊಲದ್ರ ಅದು ಕೌದಿ ಆಕ್ಕೈತೇನವ್ವಾ?” ಅಂತ ನಮ್ಮ ಓಣಿಯ ಅಮ್ಮ ಒಬ್ಬರು ಕೇಳಿದ್ದರು. ಅವರ ಮಾತಲ್ಲಿ ಸತ್ಯವಿದೆ. ಕೈಯಲ್ಲಾದರೆ ಆರೇಳು ಪದರ ಹಿಡಿಯುತ್ತದೆ, ಹೊಲಿಗೆ ಮೆತ್ತಗಿರುತ್ತದೆ. ನಾನು ನಾಲ್ಕು ದಾಟುವುದಿಲ್ಲ. ದಾಟಿದರೆ ಚಾಪೆಯಂತೆ ಸೆಟೆಯುತ್ತದೆ. ಬಾಣಂತಿಗೆ, ಕೂಸಿಗೆ ಕೊಡುವುದನ್ನು ಈಗಲೂ ಕೈಯಲ್ಲೇ ಹೊಲಿಯುತ್ತೇನೆ. ದಿನಾ ಹಾಸಿ ಹೊದ್ದು, ತಿಂಗಳಿಗೊಮ್ಮೆ ಕಲ್ಲಿನ ಮೇಲೆ ಒಗೆಯುವುದಕ್ಕೆ ಮಷೀನಿನದೇ ತಾಳುತ್ತದೆ.