ಲೂಪ್‌ಬ್ಯಾಕ್ ಪಾಸ್, ಮೆಷಿನ್ ಮಾತ್ರ ಮೂಕ

ಮೂರು ವಾರ ಕಾಡಿದ ಸೀರಿಯಲ್ ಕಾರ್ಡ್ (ಲ್ಯಾಪ್‌ಟಾಪಿಗೆ ಹಳೇ ಕಾಲದ ಸೀರಿಯಲ್ ಪೋರ್ಟ್ ಕೊಡುವ ಕಾರ್ಡ್) ಕೊನೆಗೂ ದಾರಿಗೆ ಬಂತು. "ಅದನ್ನ ಕಸಕ್ಕೆ ಹಾಕಿ, ಸುಮ್ನೆ ಒಂದು ಯುಎಸ್‌ಬಿ ಕನ್ವರ್ಟರ್ ತಗೊಳ್ಳಿ" ಅಂದವರೆಲ್ಲ ಈಗ ಸುಮ್ಮನಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹಳೇ ಲ್ಯಾಪ್‌ಟಾಪ್. ಅದರ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿನಲ್ಲಿ 34 ಮಿಲಿಮೀಟರ್ ಅಗಲದ, ಒಂದೇ ಪೋರ್ಟಿನ ಕಾರ್ಡ್. ಆ ಕಡೆ ಅದಕ್ಕಿಂತ ಹಳೇ ಸಿಎನ್‌ಸಿ ಮೆಷಿನ್, ಅಂದರೆ ಕಳಿಸಿದ ಪ್ರೋಗ್ರಾಂ ಪ್ರಕಾರ ತಾನೇ ಕತ್ತರಿಸುವ ಯಂತ್ರ. ಲಿನಕ್ಸ್ ಕಾರ್ಡನ್ನು ಗುರುತಿಸುತ್ತಿತ್ತು. 2 ಮತ್ತು 3ನೇ ಪಿನ್ (ಓದುವುದು ಮತ್ತು ಕಳಿಸುವುದು) ಸೇರಿಸಿದರೆ, ಅಂದರೆ ಲೂಪ್‌ಬ್ಯಾಕ್ ಮಾಡಿದರೆ, ಟೈಪ್ ಮಾಡಿದ್ದೆಲ್ಲ ವಾಪಸ್ ಬರುತ್ತಿತ್ತು. ಮೆಷಿನ್ನಿಗೆ ಸಿಕ್ಕಿಸಿದರೆ ಮಾತ್ರ ಒಂದಕ್ಷರವೂ ದಾಟುತ್ತಿರಲಿಲ್ಲ.

ಲೂಪ್‌ಬ್ಯಾಕ್ ಪಾಸ್ ಆಯ್ತಲ್ಲ, ಕಾರ್ಡ್ ಸರಿಯಿದೆ ಅಂದುಕೊಂಡೆ. ನಾನು ಕೆಟ್ಟದ್ದೇ ಅಲ್ಲಿ. ಕೇಬಲ್ ಬದಲಾಯಿಸಿದೆ. ಸ್ಲಾಟಿನ ಪವರ್ ಉಳಿತಾಯದ ಮೇಲೆ ಅನುಮಾನಪಟ್ಟು, ಅದನ್ನು ನೋಡಿಕೊಳ್ಳುವ ಎಎಸ್‌ಪಿಎಂ ಅನ್ನುವ ಸೆಟ್ಟಿಂಗ್ ಆಫ್ ಮಾಡಿ ಒಂದಿಡೀ ದಿನ ಕಳೆದೆ. ಜನರ ಮಾತು ಕೇಳಿ ಎರಡು ಕನ್ವರ್ಟರ್ ಕೊಂಡೆ. ಒಂದಂತೂ ಸಿಟಿಎಸ್ ("ಈಗ ಕಳಿಸಬಹುದು" ಅನ್ನುವ ಸಿಗ್ನಲ್) ಇಳಿದ ಮೇಲೂ ನಾಲ್ಕಾರು ಬೈಟ್ ಕಳಿಸಿಬಿಡುತ್ತಿತ್ತು, ಪ್ರೋಗ್ರಾಂ ನಡುವೆ ಹಾಳು. ಇನ್ನೊಂದು ಎರಡನೇ ದಿನಕ್ಕೇ ಸತ್ತಿತು. ಕೇಬಲ್ಲೂ ಸೇರಿ ಹಾಕಿದ ದುಡ್ಡು ಕಾರ್ಡಿನ ಬೆಲೆಯ ಎರಡು ಪಟ್ಟಾದರೂ ಆಗಿರಬೇಕು.

ಒಂದು ರಾತ್ರಿ ಬೇಜಾರಿಗೆ ಆಟ ಶುರು ಮಾಡಿದೆ. 9600 ವೇಗದಲ್ಲಿ (ಸೆಕೆಂಡಿಗೆ 9600 ಬಿಟ್), 8ಎನ್1 (ಶುರು, ಕೊನೆಯ ಗುರುತು ಸೇರಿ ಬೈಟಿಗೆ ಹತ್ತು ಬಿಟ್) ಆದರೆ, ಸೆಕೆಂಡಿಗೆ 960 ಬೈಟ್ ಹೋಗಬೇಕು. 9600 ಬೈಟಿನ ಫೈಲನ್ನು ಲೂಪ್‌ಬ್ಯಾಕಿನಲ್ಲಿ ಬಿಟ್ಟು, ಕೊನೆಯ ಅಕ್ಷರ ವಾಪಸ್ ಬರುವವರೆಗೆ ಲೆಕ್ಕ ಹಾಕಿದೆ. ಹತ್ತು ಸೆಕೆಂಡ್ ಬೇಕಿತ್ತು, ಒಂದು ಚಿಲ್ಲರೆಯಲ್ಲಿ ಮುಗಿಯಿತು! ಕಾರ್ಡ್ ಬಿಚ್ಚಿದರೆ ಅದರ ವೇಗಕ್ಕೆ ತಾಳ ಹಾಕುವ ಕ್ರಿಸ್ಟಲ್ 14.7456 ಮೆಗಾಹರ್ಟ್ಸ್. ಡ್ರೈವರ್ ಲೆಕ್ಕದಲ್ಲಿ ಅದು 1.8432. ಸರಿಯಾಗಿ ಎಂಟು ಪಟ್ಟು. ಕಳಿಸುವುದೂ ತಪ್ಪು, ಓದುವುದೂ ಅದೇ ತಪ್ಪು, ಹಾಗಾಗಿ ಲೂಪ್‌ಬ್ಯಾಕಿಗೆ ಗೊತ್ತೇ ಆಗುವುದಿಲ್ಲ. ಸೆಟ್‌ಸೀರಿಯಲ್ ಅನ್ನುವ ಲಿನಕ್ಸ್ ಕಮಾಂಡಿನಲ್ಲಿ ಬಾಡ್ ಬೇಸನ್ನು (ಡ್ರೈವರ್ ವೇಗ ಲೆಕ್ಕ ಹಾಕುವ ಮೂಲ ಸಂಖ್ಯೆ) 115200ರಿಂದ 921600ಕ್ಕೆ ಏರಿಸಿದೆ. ಅದಕ್ಕೂ ಮೊದಲು ತಮಾಷೆಗೆ 1200 ಅಂತ ಹಾಕಿ ನಿಜವಾದ 9600 ತೆಗೆದದ್ದೂ ಆಯಿತು.

ಗೆದ್ದೆ ಅಂತ ಮೆಷಿನ್ನಿಗೆ ಸಿಕ್ಕಿಸಿದರೆ ಮತ್ತೆ ಅದೇ ಮೌನ. ಆ ರಾತ್ರಿ ಕಾರ್ಡ್ ಕಿಟಕಿಯಿಂದ ಆಚೆ ಹೋಗದೆ ಉಳಿದದ್ದೇ ಪುಣ್ಯ.

ಮಲ್ಟಿಮೀಟರ್ ಮೊದಲ ದಿನವೇ ಹಿಡಿಯಬೇಕಿತ್ತು. ಪೋರ್ಟ್ ಸುಮ್ಮನಿರುವಾಗ ಟಿಎಕ್ಸ್ (ಕಳಿಸುವ) ಪಿನ್ನಿನಲ್ಲಿ ಮೈನಸ್ 5 ವೋಲ್ಟಾದರೂ ಇರಬೇಕಲ್ವಾ? ನನಗೆ ಸಿಕ್ಕಿದ್ದು ಮೈನಸ್ ಅರ್ಧವೂ ಇಲ್ಲ. ಪ್ಲಸ್ ಕಡೆ ಮಾತ್ರ ಚೆನ್ನಾಗಿತ್ತು. ಪೋರ್ಟಿನ ಪ್ಲಸ್, ಮೈನಸ್ ನೋಡಿಕೊಳ್ಳುವ ಈ ಚಿಪ್‌ಗಳ ರಿಸೀವರ್ (ಓದುವ ಭಾಗ) ಸೊನ್ನೆ ವೋಲ್ಟನ್ನೂ ಮೈನಸ್ ಅಂತಲೇ ಓದುತ್ತದೆ, ಅದರ ಗಡಿ ಇರುವುದೇ ಒಂದೂಕಾಲು ವೋಲ್ಟಿನ ಆಸುಪಾಸು. ಅದಕ್ಕೇ ಲೂಪ್‌ಬ್ಯಾಕ್ ಮತ್ತೆ ಪಾಸ್. ಮೆಷಿನ್ನಿನ ಒಳಗಿರುವುದು ಆಪ್ಟೋಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ), ಅದಕ್ಕೆ ನಿಜವಾದ ಮೈನಸ್ಸೇ ಬೇಕು. (ಕೆಲವು ಚಿಪ್‌ಗಳು ಆ ಕಡೆ ಏನೂ ಇಲ್ಲದಿದ್ದರೆ ನಿದ್ದೆ ಹೋಗುತ್ತವೆ. ಕೇಬಲ್ ಸಿಕ್ಕಿಸಿಯೇ ಅಳೆಯಿರಿ.)

ಚಿಪ್ಪಿಗೆ ಈ ವೋಲ್ಟೇಜ್ ತಯಾರಿಸಿಕೊಡುವ ಚಾರ್ಜ್ ಪಂಪಿನ ನಾಲ್ಕು ಕೆಪಾಸಿಟರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಮೈನಸ್ ತಯಾರಿಸುವುದೇ ಅದು. ಭೂತಗನ್ನಡಿ ಇಲ್ಲದಿದ್ದರೆ ಕಾಣುತ್ತಲೇ ಇರಲಿಲ್ಲ. ಸತ್ತ ಬೋರ್ಡೊಂದರಿಂದ 0.1 ಮೈಕ್ರೋಫ್ಯಾರಡ್‌ನದು ಕಿತ್ತು ಹಾಕಿದೆ. ಖರ್ಚು ಸೊನ್ನೆ. ಅಷ್ಟು ಚಿಕ್ಕದನ್ನು ನನ್ನ ದಪ್ಪ ಮೊನೆಯ ಐರನ್ನಿನಲ್ಲಿ ಹೇಗೆ ಕೂರಿಸಿದೆ ಅನ್ನುವುದು ನನ್ನಲ್ಲೇ ಇರಲಿ, ಮೂರು ಕೆಪಾಸಿಟರ್ ಹಾರಿಹೋದ ಮೇಲೆ ಕಲಿತ ವಿದ್ಯೆ ಅದು.

ಈಗ ಟಿಎಕ್ಸ್ ಮೈನಸ್ ಐದೂವರೆ ಹತ್ತಿರ ನಿಲ್ಲುತ್ತದೆ. ಮೊದಲ ಪ್ರೋಗ್ರಾಂ ಒಂದೇ ಏಟಿಗೆ ಇಳಿಯಿತು. ಬಾಡ್ ಬೇಸ್ ಪ್ರತಿ ಸಲ ಮರೆತುಹೋಗುವುದರಿಂದ ಆ ಸಾಲನ್ನು ಸ್ಟಾರ್ಟಪ್ ಸ್ಕ್ರಿಪ್ಟಿಗೆ ಸೇರಿಸಿದ್ದೇನೆ. ಬಿರುಕು ಬಂದದ್ದು ಕಾರ್ಡಿನ ಹೊರಗಿನ ತುದಿ ಕೇಬಲ್ ಭಾರಕ್ಕೆ ಬಾಗಿ ಬಾಗಿ ಇರಬೇಕು. ಈಗ ಅದರ ಕೆಳಗೆ ಸತ್ತ ಕನ್ವರ್ಟರನ್ನೇ ಒತ್ತು ಕೊಟ್ಟಿದ್ದೇನೆ, ಎತ್ತರ ಸರಿಯಾಗಿ ಕೂತಿದೆ.