ಮಾಮೂಲಿ ಮೈಕ್ರೋಸ್ಕೋಪಲ್ಲೇ ಕಾಮೆಟ್ ನೋಡಿದೆ: ನನ್ನ ಅನುಭವ

ಡಿಗ್ರಿ ಕಾಲೇಜಿನ ಲ್ಯಾಬಲ್ಲಿ ಕಾಮೆಟ್ ಅಸೇ ಮಾಡ್ತೀನಿ ಅಂದಾಗ ನಮ್ಮ ವಿಭಾಗದವರೇ ನಕ್ಕಿದ್ದರು. ಜೀವಕೋಶದ ಡಿಎನ್‌ಎ ಎಷ್ಟು ಒಡೆದಿದೆ ಅಂತ ತೋರಿಸುವ ಪರೀಕ್ಷೆ ಅದು. ಜೆಲ್ಲಿನಲ್ಲಿ ಕರೆಂಟ್ ಹರಿಸಿದರೆ ಒಡೆದ ಡಿಎನ್‌ಎ ಧೂಮಕೇತುವಿನ (ಕಾಮೆಟ್) ಬಾಲದ ಹಾಗೆ ಹೊರಚಾಚುತ್ತದೆ. "ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಎಲ್ಲಿದೆ ಸರ್?" ಇಲ್ಲ, ತರೋಕೆ ದುಡ್ಡೂ ಇಲ್ಲ. ಆದರೆ ಸಿಲ್ವರ್ ಸ್ಟೇನ್ (ಬೆಳ್ಳಿ ದ್ರಾವಣದ ಬಣ್ಣ) ಹಾಕಿದರೆ ಮಾಮೂಲಿ ಮೈಕ್ರೋಸ್ಕೋಪಲ್ಲೂ ಬಾಲ ಕಾಣುತ್ತದೆ ಎಂದು ಓದಿದ್ದೆ. ಅದನ್ನೇ ನಂಬಿ ಇಳಿದೆ. ಒಂದೂವರೆ ವರ್ಷ ಹಿಡಿಯಿತು.

ನೋಡಬೇಕಿದ್ದದ್ದು ಎರಡು ಕೆರೆ. ಒಂದು ಕೈಗಾರಿಕಾ ಪ್ರದೇಶದ ಕೆಳಗಿನದು, ಇನ್ನೊಂದು ಊರಾಚೆಯದು. ಎರಡರಲ್ಲೂ ಜಿಲೇಬಿ ಮೀನು ಸಿಗುತ್ತದೆ. ಮೀನಿನ ಕೆಂಪು ರಕ್ತಕಣದಲ್ಲಿ ಡಿಎನ್‌ಎ ತುಂಬಿದ ನ್ಯೂಕ್ಲಿಯಸ್ ಇರುತ್ತದಲ್ಲ, ಒಂದು ತೊಟ್ಟು ರಕ್ತ ಸಾಕು. ಸಾಕು ಏನು, ಅದೇ ಜಾಸ್ತಿ! ಸರಿಯಾಗಿ ಡೈಲ್ಯೂಟ್ ಮಾಡದೆ ಹಾಕಿದ್ದಕ್ಕೆ ಮೊದಲ ಸ್ಲೈಡಲ್ಲಿ ಕಣಗಳ ಜಾತ್ರೆ, ಎಣಿಸೋಕೇ ಆಗಲಿಲ್ಲ. ಆಮೇಲೆ ಕಣಗಳನ್ನು ಹಿಡಿದಿಡುವ ಜೆಲ್ ಲೈಸಿಸಲ್ಲೇ (ಕಣದ ಹೊರಪೊರೆ ಕರಗಿಸುವ ಹಂತ) ಜಾರಿ ಹೋಗತೊಡಗಿತು. ಸ್ಲೈಡಿಗೆ ಮೊದಲೇ ಅಗರೋಸ್ (ಜೆಲ್ ಮಾಡುವ ಪುಡಿ) ಕರಗಿಸಿ ಬಳಿದು ರಾತ್ರಿಯಿಡೀ ಒಣಗಿಸಿದ ಮೇಲೆ ನಿಂತಿತು.

ಅತಿ ಬೇಜಾರಾಗಿದ್ದು ಒಳ್ಳೆ ಕೆರೆಯ ಮೀನಿಗೂ ಉದ್ದುದ್ದ ಬಾಲ ಬಂದಾಗ. ತಪ್ಪು ನಂದೇ. ರಕ್ತವನ್ನು ಐಸ್ ಇಲ್ಲದೆ ಎರಡು ಗಂಟೆ ಬಿಸಿಲಲ್ಲಿ ಬೈಕ್ ಮೇಲೆ ತಂದಿದ್ದೆ. ಈಗ ಕೆರೆ ದಂಡೆಗೇ ಐಸ್ ಡಬ್ಬ ಒಯ್ಯುತ್ತೇನೆ, ಬೆಳಕಿಂದಲೂ ಡಿಎನ್‌ಎ ಒಡೆಯದಿರಲಿ ಎಂದು ಲ್ಯಾಬಲ್ಲಿ ಟ್ಯೂಬ್‌ಲೈಟ್ ಆರಿಸಿ ಮಂದ ಹಳದಿ ಬಲ್ಬಲ್ಲೇ ಕೆಲಸ.

ಇನ್ನು ಬೆಳ್ಳಿ. ಬೋರ್‌ವೆಲ್ ನೀರಲ್ಲಿ ತೊಳೆದ ಹನ್ನೆರಡು ಸ್ಲೈಡ್ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾದವು. ನೀರಲ್ಲಿದ್ದ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಬಿಟ್ಟಿತ್ತು. ಉಳಿತಾಯ ಅಂತ ಬ್ಯಾಟರಿ ಅಂಗಡಿ ನೀರು ತಂದೆ, ಅದೂ ಮಸುಕು. ಕೊನೆಗೆ ಒಳ್ಳೆ ಡಿಸ್ಟಿಲ್ಡ್ ವಾಟರಿಗೇ ದುಡ್ಡು ಸುರಿದೆ. ಬೆರಳಿನ ಕಪ್ಪು ಕಲೆ ವಾರಗಟ್ಟಲೆ ಹೋಗಲಿಲ್ಲ. ಮದುವೆ ಊಟಕ್ಕೆ ಹೋದರೆ ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಬೆಳ್ಳಿ ದ್ರಾವಣ ಸಮನಾಗಿ ಹಿಡಿಯೋಕೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಪೇಪರ್ ಬರೋವರೆಗೆ ಅದನ್ನು ಹೇಳಲ್ಲ.

ಜೆಲ್ಲಿಗೆ ಕರೆಂಟ್ ಕೊಟ್ಟು ಡಿಎನ್‌ಎ ಓಡಿಸಿದ್ದು 25 ವೋಲ್ಟ್, 300 ಮಿಲಿಆಂಪಿಯರಲ್ಲಿ, 20 ನಿಮಿಷ. ಕರೆಂಟ್ ಏರಿದರೆ ತೊಟ್ಟಿಯಿಂದ ಸ್ವಲ್ಪ ಬಫರ್ (ಕರೆಂಟ್ ಹರಿಸುವ ದ್ರಾವಣ) ತೆಗೆಯೋದು, ಅಷ್ಟೇ. ಒಟ್ಟು ಖರ್ಚು ಸುಮಾರು 18 ಸಾವಿರ, ಎಲ್ಲ ಕೈಯಿಂದಲೇ. ಅಗರೋಸ್, ಬೆಳ್ಳಿ ಎರಡೇ ಅರ್ಧಕ್ಕಿಂತ ಜಾಸ್ತಿ ನುಂಗಿದವು.

ಅಂಕ ಕಣ್ಣಳತೆಯಲ್ಲೇ ಕೊಟ್ಟೆ. ಒಂದು ಕಣಕ್ಕೆ 0ಯಿಂದ 4 (ಬಾಲವೇ ಇಲ್ಲದಿದ್ದರೆ 0, ಅತಿ ಹೆಚ್ಚಿದ್ದರೆ 4), ನೂರು ಕಣಕ್ಕೆ ಗರಿಷ್ಠ 400. ಯಾವ ಸ್ಲೈಡ್ ಯಾವ ಕೆರೆಯದು ಅಂತ ಗೊತ್ತಾಗದಿರಲಿ ಎಂದು ಅಟೆಂಡರ್ ಕೈಲಿ ಚೀಟಿ ಅಂಟಿಸಿದ್ದೆ. ಊರಾಚೆ ಕೆರೆಯದು 40ರ ಆಸುಪಾಸು, ಕಾರ್ಖಾನೆ ಕಡೆಯದು 150 ದಾಟಿತು. ಹೋಲಿಕೆಗೆಂದು ಬೇಕಂತಲೇ ಡಿಎನ್‌ಎ ಒಡೆಯಲು ಪೆರಾಕ್ಸೈಡ್ ಹಾಕಿದ್ದು 300ರ ಮೇಲೆ. ಸಾಫ್ಟ್‌ವೇರ್ ಇರುವ ಗೆಳೆಯರೊಬ್ಬರು ಕೆಲವು ಸ್ಲೈಡ್ ಮತ್ತೆ ಅಳೆದರು. ಅದೇ ಕ್ರಮ ಬಂತು. ನಕ್ಕವರೆಲ್ಲ ಸಾಲಾಗಿ ಬಂದು ಐಪೀಸಲ್ಲಿ ಇಣುಕಿದರು!

ನಡುವೆ ಈರುಳ್ಳಿ ಬೇರಿನಲ್ಲೂ ನೋಡಿದೆ. ಬೇರನ್ನು ತಣ್ಣನೆ ಬಫರಲ್ಲಿ ಬ್ಲೇಡಿಂದ ಕೊಚ್ಚಿದರೆ ನ್ಯೂಕ್ಲಿಯಸ್ ಹೊರಬರುತ್ತವೆ, ಲೈಸಿಸ್ ಬೇಕಿಲ್ಲ. ಆದರೆ ನನ್ನ ಕೊಚ್ಚಾಟಕ್ಕೇ ಅರ್ಧ ಒಡೆದು ಹೋಗುತ್ತವೆ. ಹೊಸ ಬ್ಲೇಡ್ ಪೊಟ್ಟಣ ತಂದಿಟ್ಟಿದ್ದೇನೆ.

ಮೀನು ಹಿಡಿದುಕೊಡುವ ಅಣ್ಣ ಪ್ರತಿ ಸಲ ಕೇಳುತ್ತಾರೆ, "ತಿನ್ನಬಹುದಾ ಸಾರ್?" ಅದಕ್ಕೆ ಕಾಮೆಟ್ ಉತ್ತರ ಹೇಳಲ್ಲ. ಮಾಂಸದಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟಿದೆ ನೋಡಬೇಕು, ಆ ಯಂತ್ರ ನಮ್ಮಲ್ಲಿಲ್ಲ. ಆರು ಮೀನು ಫ್ರೀಜರಲ್ಲಿ ಕಾಯುತ್ತಿವೆ.